ಒಂದು ಲ್ಯಾಟಿನ್ ಪದ ಹಿಡಿದು ಐದು ಭಾಷೆಯ ಪದ ಊಹಿಸುವುದು ಹೇಗೆ?

ಕಾಫಿ ಅಂಗಡಿಯ 'ಲಾಟೆ' ಗೊತ್ತಲ್ವಾ? ಇಟಾಲಿಯನ್‌ನಲ್ಲಿ ಅದಕ್ಕೆ ಬರೀ ಹಾಲು ಅಂತ ಅರ್ಥ. ಅಲ್ಲಿನ ಉಚ್ಚಾರ 'ಲಾತ್ತೆ'. ಅಲ್ಲಿಂದಲೇ ಶುರು ಮಾಡೋಣ. ಇಟಾಲಿಯನ್, ಸ್ಪ್ಯಾನಿಷ್, ಪೋರ್ಚುಗೀಸ್, ರೊಮೇನಿಯನ್, ಫ್ರೆಂಚ್ ಐದೂ ಲ್ಯಾಟಿನ್‌ನಿಂದ ಹುಟ್ಟಿದ ಭಾಷೆಗಳು.

ಲ್ಯಾಟಿನ್ ನಿಘಂಟಿನಲ್ಲಿ ಹಾಲಿಗೆ 'ಲಕ್, ಲಕ್ತಿಸ್' ಅಂತ ಎರಡು ರೂಪ ಕೊಟ್ಟಿರುತ್ತಾರೆ. ಮೊದಲನೆಯದನ್ನು ಬಿಡಿ. ಎರಡನೆಯದಕ್ಕೆ 'ಹಾಲಿನ' ಅಂತ ಅರ್ಥ, ಅದರ ಕೊನೆಯ 'ಇಸ್' ಕಿತ್ತರೆ ಉಳಿಯುವ 'ಲಕ್ತ್' ನಿಮಗೆ ಬೇಕಾದ ಬುಡ.

ಈಗ ಕಣ್ಣೆಲ್ಲ ಆ 'ಕ್ತ' ಮೇಲಿರಲಿ. ಇಟಾಲಿಯನ್ ಅದನ್ನು 'ತ್ತ' ಮಾಡಿಕೊಂಡಿತು. ಸ್ಪ್ಯಾನಿಷ್‌ನಲ್ಲಿ 'ಚ' ಆಯಿತು: ಲೆಚೆ. ಪೋರ್ಚುಗೀಸ್‌ನಲ್ಲಿ 'ಯ್ತ': ಲೇಯ್ತೆ. ರೊಮೇನಿಯನ್‌ನದ್ದು ಮಾತ್ರ ವಿಚಿತ್ರ ದಾರಿ, ಅಲ್ಲಿ 'ಪ್ತ' ಆಗಿ ಲಪ್ತೆ. ಫ್ರೆಂಚ್ ಬರವಣಿಗೆಯಲ್ಲಿ ಪೋರ್ಚುಗೀಸಿನ ಹಾಗೆಯೇ ಐ, ಟಿ ಎರಡೂ ಅಕ್ಷರ ಕೂತಿವೆ, ಆದರೆ ಬಾಯಲ್ಲಿ ಬರುವುದು ಬರೀ 'ಲೆ', ಹಾಗಾಗಿ ಫ್ರೆಂಚ್ ಪದಗಳನ್ನು ಕೇಳಿ ಹೋಲಿಸಬೇಡಿ, ಬರೆದದ್ದನ್ನು ನೋಡಿ ಹೋಲಿಸಿ.

ಇನ್ನು ನೀವೇ ಮಾಡಿ. ರಾತ್ರಿಗೆ ಬುಡ 'ನೊಕ್ತ್'. ಮುಂದೆ ಓದುವ ಮೊದಲು ಊಹಿಸಿ. ನೊತ್ತೆ, ನೋಚೆ, ನೋಯ್ತೆ ಬಂತಾ? ರೊಮೇನಿಯನ್‌ನಲ್ಲಿ ಸ್ವರವೂ ಹೊರಳಿ 'ನ್ವಾಪ್ತೆ' ಆಗುತ್ತದೆ. ಎಂಟಕ್ಕೆ ಲ್ಯಾಟಿನ್ 'ಒಕ್ತೊ', ಅದರಿಂದ ಒತ್ತೊ, ಓಚೊ, ಓಯ್ತು, ಓಪ್ತ್. ಫ್ರೆಂಚಿನ ಎಂಟರ (huit) ಮುಂದೆ ಒಂದು 'ಎಚ್' ಇದೆ, ಅದನ್ನು ಲ್ಯಾಟಿನ್‌ನಲ್ಲಿ ಹುಡುಕಬೇಡಿ. ಹಿಂದೆ ಯು, ವಿ ಎರಡನ್ನೂ ಒಂದೇ ಥರ ಬರೆಯುತ್ತಿದ್ದರು. ಯಾರೂ ಇದನ್ನು 'ವಿ'ಯಿಂದ ಶುರುವಾಗುವ ಪದ ಅಂದುಕೊಳ್ಳದಿರಲಿ ಅಂತ ಬರೆಯುವವರು ಸೇರಿಸಿದ ಅಕ್ಷರ ಅದು.

ಜಾಸ್ತಿ ಜನ ಎಡವುವುದು ಇಲ್ಲಿ: ಸ್ಪ್ಯಾನಿಷ್‌ನಲ್ಲಿ ಹಾಲಿಗೆ ಸಂಬಂಧಿಸಿದ್ದಕ್ಕೆ 'ಲಾಕ್ತೆಓ' ಅಂತಾರೆ. 'ಕ್ತ' ಹಾಗೇ ಇದೆಯಲ್ಲ, ನಿಯಮ ಮುರಿಯಿತಾ? ಇಲ್ಲ. ಇದು ಬಾಯಿಂದ ಬಾಯಿಗೆ ಸವೆದು ಬಂದ ಪದ ಅಲ್ಲ, ಓದಿದವರು ಆಮೇಲೆ ಪುಸ್ತಕದ ಲ್ಯಾಟಿನ್‌ನಿಂದ ನೇರವಾಗಿ ಎತ್ತಿಕೊಂಡದ್ದು. ನಮ್ಮಲ್ಲಿ 'ಕಜ್ಜ' ಇದ್ದರೂ 'ಕಾರ್ಯ'ವೂ ಇದೆಯಲ್ಲ, ಆ ತದ್ಭವ-ತತ್ಸಮದ ಲೆಕ್ಕವೇ ಇದು. ಇಂಥ ಪದ ಸಿಕ್ಕರೆ ಪಕ್ಕಕ್ಕಿಡಿ.

ಊಹಿಸಿದ ಮೇಲೆ ನಿಘಂಟು ನೋಡಲೇಬೇಕು. ಮಂಚಕ್ಕೆ ಲ್ಯಾಟಿನ್ ಬುಡ 'ಲೆಕ್ತ್', ಇಟಾಲಿಯನ್‌ನಲ್ಲಿ ಸರಿಯಾಗಿ 'ಲೆತ್ತೊ' ಸಿಗುತ್ತದೆ. ಅದೇ ಧೈರ್ಯದಲ್ಲಿ ರೊಮೇನಿಯನ್‌ಗೆ 'ಪ್ತ' ಹಾಕಿದರೆ ಕೆಟ್ಟಿರಿ, ಅಲ್ಲಿ ಮಂಚಕ್ಕೆ 'ಪತ್' ಅನ್ನುವ ಬೇರೆಯದೇ ಪದ ಇದೆ.