ಗಾಯಕರ ಬೆನ್ನ ಹಿಂದೆ ಕೂಡುವವರ ಕೆಲಸ

ಹೆಸರಾಂತ ಗಾಯಕರ ಸುತ್ತ ಎರಡು ಬಳಗ ಇರುತ್ತವೆ. ಒಂದು ಗ್ರೀನ್ ರೂಮಿನಲ್ಲಿ ಸೇರುವುದು, ಇನ್ನೊಂದು ವೇದಿಕೆ ಮೇಲೆ ಕೂಡುವುದು. ಮೊದಲನೆಯದರಲ್ಲಿ ಗೆಳೆಯರು, ಅಭಿಮಾನಿಗಳು, ಊರಿನ ದೊಡ್ಡವರು. ಎರಡನೆಯದರಲ್ಲಿ ನಾಲ್ಕೈದೇ ಜನ: ತಬಲಾದವರು, ಹಾರ್ಮೋನಿಯಂದವರು, ಹಿಂದೆ ತಂಬೂರಿ ಹಿಡಿದ ಇಬ್ಬರು ಶಿಷ್ಯರು. ಹಿಂದುಸ್ತಾನಿ ಗಾಯನದಲ್ಲಿ ತಂಬೂರಿ ಹಿಡಿದು ಕೂಡುತ್ತ ಬಂದವನಾಗಿ, ಈ ಎರಡನೆಯ ಬಳಗದ ಕೆಲಸವನ್ನು ನಾನು ಹೇಗೆ ಮಾಡುತ್ತೇನೆ ಎಂಬುದನ್ನಷ್ಟೇ ಬರೆಯುತ್ತೇನೆ.

ನಮ್ಮ ಧಾರವಾಡ ಸೀಮೆಯ ದೊಡ್ಡವರನ್ನು ನೋಡಿದರೆ ಈ ಬಳಗ ಬಹುಪಾಲು ಮನೆಯದೇ, ಇಲ್ಲವೆ ಮನೆಯವರಂತೆ ಆದವರದು. ಗಂಗೂಬಾಯಿ ಹಾನಗಲ್ ಅವರ ಜೊತೆ ಮಗಳು ಕೃಷ್ಣಾ ಹಾಡುತ್ತಿದ್ದರು. ಮಲ್ಲಿಕಾರ್ಜುನ ಮನಸೂರರ ಹಿಂದೆ ಮಗ ರಾಜಶೇಖರ. ಭೀಮಸೇನ ಜೋಶಿಯವರಿಗೆ ತಬಲಾದಲ್ಲಿ ನಾನಾ ಮುಳೆ, ಹಿಂದೆ ಶಿಷ್ಯ ಮಾಧವ ಗುಡಿ. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ ಹುಟ್ಟಿ ಮಧ್ಯಪ್ರದೇಶದ ದೇವಾಸದಲ್ಲಿ ನೆಲೆಸಿದ ಕುಮಾರ ಗಂಧರ್ವರಿಗೆ ಪತ್ನಿ ವಸುಂಧರಾ ಕೋಂಕಳಿಯವರ ಕಂಠ, ವಸಂತ ಆಚರೇಕರರ ತಬಲಾ. ವರ್ಷಾನುಗಟ್ಟಲೆ ಅದೇ ಜನ ಯಾಕೆ ಅಂದರೆ, ಹಾಡುತ್ತಿರುವವರಿಗೆ ಬಾಯಿ ಬಿಟ್ಟು ಹೇಳುವ ಪುರಸೊತ್ತು ಇರುವುದಿಲ್ಲ. ಕತ್ತು ಒಂದಿಷ್ಟು ವಾಲಿದರೆ ಯಾವ ತಂತಿ ಇಳಿದಿದೆ ಎಂದು ಹಿಂದಿನವರಿಗೆ ತಿಳಿಯಬೇಕು.

ಕಾರ್ಯಕ್ರಮಕ್ಕೆ ಒಂದೂವರೆ ತಾಸು ಮೊದಲೇ ತಂಬೂರಿಯ ಗವಸು ಬಿಚ್ಚಿ ವೇದಿಕೆಯ ಮೇಲೆಯೇ ಇಡುತ್ತೇನೆ, ಗ್ರೀನ್ ರೂಮಿನಲ್ಲಲ್ಲ. ಅಲ್ಲಿ ಎಸಿ, ಇಲ್ಲಿ ಲೈಟು. ತಂತಿ ಕಾದರೆ ಸಡಿಲಾಗಿ ಶ್ರುತಿ ಇಳಿಯುತ್ತದೆ, ತಣ್ಣಗಾದರೆ ಬಿಗಿದು ಏರುತ್ತದೆ. ತಬಲಾದ ಚರ್ಮದ ಕಥೆ ಉಲ್ಟಾ: ಬಿಸಿಗೆ ಒಣಗಿ ಏರುತ್ತದೆ, ಮಳೆಗಾಲದ ತೇವಕ್ಕೆ ಇಳಿಯುತ್ತದೆ. ಲೈಟಿನ ಕೆಳಗೆ ಅರ್ಧ ತಾಸು ಕಳೆಯುವಷ್ಟರಲ್ಲಿ ತಂಬೂರಿ ಕೆಳಗೆ, ತಬಲಾ ಮೇಲೆ, ಗಾಯಕರು ನಡುವೆ ಸಿಕ್ಕಿಬಿದ್ದಿರುತ್ತಾರೆ. ಅದಕ್ಕೇ ಲೈಟು ಹಚ್ಚಿಸಿಯೇ ಶ್ರುತಿ ಮಾಡಬೇಕು. ನಡುವೆ ತಪ್ಪಿದರೆ ಮೊದಲು ತಂಬೂರಿ ಸರಿಯಾಗಬೇಕು, ಆಮೇಲೆ ತಬಲಾ. ಇಬ್ಬರೂ ಒಟ್ಟಿಗೆ ಕೈ ಹಾಕಿದರೆ ಇಬ್ಬರೂ ಒಬ್ಬರನ್ನೊಬ್ಬರು ಬೆನ್ನಟ್ಟುತ್ತಾ ಹೋಗುತ್ತಾರೆ.

ಶ್ರುತಿ ಮಾಡುವ ಕ್ರಮ ಹೀಗೆ. ಗಂಡಸರ ಪಟ್ಟಿ, ಅಂದರೆ ಅವರು ಷಡ್ಜವಾಗಿ (ಸ) ಹಿಡಿಯುವ ಸ್ವರ, ಸಾಮಾನ್ಯವಾಗಿ ಹಾರ್ಮೋನಿಯಂನ ಕಪ್ಪು 1 ಅಥವಾ 2ರ ಆಸುಪಾಸು, ಹೆಂಗಸರದು ಅದಕ್ಕಿಂತ ಸಾಕಷ್ಟು ಮೇಲೆ. ನಾಲ್ಕು ತಂತಿಗಳ ಪೈಕಿ ನಡುವಿನ ಎರಡು ಒಂದೇ ಸ್ವರದ ಜೋಡಿ; ಅವುಗಳಲ್ಲಿ ಮೊದಲು ಒಂದನ್ನು ಗಾಯಕರ ಷಡ್ಜಕ್ಕೆ ಕೂಡಿಸುತ್ತೇನೆ, ಆಮೇಲೆ ಇನ್ನೊಂದನ್ನು ಅದಕ್ಕೆ. ಎರಡರ ನಡುವೆ ವಂವ್ ವಂವ್ ಅನ್ನುವ ಅಲೆ ಇದ್ದರೆ ಇನ್ನೂ ಕೂಡಿಲ್ಲ ಎಂದರ್ಥ. ಹತ್ತಿರ ಬಂದಂತೆ ಅಲೆ ನಿಧಾನವಾಗಿ ಕೊನೆಗೆ ನಿಲ್ಲುತ್ತದೆ. ಆಮೇಲೆ ಖರ್ಜದ (ಕೆಳಗಿನ ಸ) ತಂತಿ, ಕೊನೆಗೆ ಮೊದಲ ತಂತಿಯ ಪಂಚಮ (ಪ). ತಂತಿ ಸುತ್ತಿದ ಬಿರಡೆ ತಿರುಗಿಸಿ ಸ್ವರವನ್ನು ತುಸು ಕೆಳಗೆಯೇ ನಿಲ್ಲಿಸಿ, ಉಳಿದದ್ದನ್ನು ತಂತಿಗೆ ಪೋಣಿಸಿದ ಮಣಿಯಿಂದ ಮುಗಿಸಬೇಕು. ಮಣಿಯನ್ನು ಕುದುರೆಯಿಂದ (ತಂತಿಗಳಿಗೆ ಆಸರೆಯಾದ ಸೇತುವೆ) ದೂರ, ಕೆಳಗಿನ ಗುಂಡನೆಯ ಬುರುಡೆಯ ತುದಿಯ ಕಡೆ ಸರಿಸಿದರೆ ಸ್ವರ ಏರುತ್ತದೆ. ಮೊದಲೇ ಮಣಿ ತುದಿ ಮುಟ್ಟಿದ್ದರೆ ಮುಂದೆ ಏರಿಸಲು ಜಾಗ ಇರುವುದಿಲ್ಲ, ಆದ್ದರಿಂದ ಶುರುವಿನಲ್ಲಿ ಎಲ್ಲ ಮಣಿಗಳನ್ನೂ ನಡುವೆ ತಂದುಕೊಳ್ಳುತ್ತೇನೆ. ಬಿರಡೆ ಜಾರುತ್ತಿದ್ದರೆ ಬಿಚ್ಚಿ ಸೀಮೆಸುಣ್ಣ ಸವರುವುದು. ಹೊಸ ತಂತಿಯನ್ನು ಕಾರ್ಯಕ್ರಮದ ದಿನ ಹಾಕಲೇಬಾರದು. ಅದು ಹಿಗ್ಗಿ ಹಿಗ್ಗಿ ಇಳಿಯುತ್ತಲೇ ಇರುತ್ತದೆ. ಎರಡು ದಿನ ಮೊದಲಾದರೂ ಹಾಕಿ ಎಳೆದಿಟ್ಟಿರಬೇಕು.

ಇನ್ನು ಜವಾರಿ, ಅಂದರೆ ತಂತಿಯ ಝೇಂಕಾರ. ಕುದುರೆಯ ಮೇಲೆ ತಂತಿಯ ಕೆಳಗೆ ಹತ್ತಿಯ ದಾರ. ಅದನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತ ಹೋದರೆ ಒಂದು ಕಡೆ ನಾದ ತಟ್ಟನೆ ತೆರೆದುಕೊಳ್ಳುತ್ತದೆ. ಅದೇ ಜಾಗ. ದಾಟಿದರೆ ಬರಿ ಕರಕರ, ಹಿಂದೆ ಉಳಿದರೆ ಮೊಂಡು ದನಿ. ಶ್ರುತಿ ಬದಲಿಸಿದರೆ ಈ ಜಾಗವೂ ಬದಲಾಗುತ್ತದೆ, ದಾರವನ್ನು ಮತ್ತೆ ಹುಡುಕಬೇಕು. ನಾಲ್ಕೂ ತಂತಿ ಸರಿಯಾದರೆ ಖರ್ಜದ ತಂತಿಯಿಂದ ಯಾರೂ ಮೀಟದ ಗಾಂಧಾರ (ಗ) ತಾನಾಗಿ ಕೇಳುತ್ತದೆ. ಆ ಗಾಂಧಾರ ಕೇಳುವವರೆಗೆ ನಾನು ತಂಬೂರಿಯನ್ನು ಗಾಯಕರ ಕಿವಿಗೆ ಒಯ್ಯುವುದಿಲ್ಲ.

ಮೊದಲ ತಂತಿ ಯಾವಾಗಲೂ ಪಂಚಮವಲ್ಲ. ಮಾಲಕೌಂಸ, ಲಲಿತ ರಾಗಗಳಿಗೆ ಮಧ್ಯಮ (ಮ). ಮಾರ್ವಾ, ಪೂರಿಯಾ, ಸೋಹನಿಗೆ ನಿಷಾದ (ನಿ). ಆದ್ದರಿಂದ ಹಾಡುವ ರಾಗಗಳನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು, ಕೇಳಿದ ಮೇಲೂ ನಂಬಬಾರದು. ಗೆಳೆಯರೊಬ್ಬರು ಮುಂದಿನ ಸಾಲಿನಿಂದ ಫರ್ಮಾಯಿಷ್ (ಇಂಥದ್ದು ಹಾಡಿ ಎಂಬ ಕೋರಿಕೆ) ಕೊಟ್ಟರೆ ಎಲ್ಲ ಬದಲು. ಪಂಚಮದಿಂದ ಮಧ್ಯಮಕ್ಕೆ ಇಳಿಸುವಾಗ ಮಧ್ಯಮದಲ್ಲೇ ನಿಲ್ಲಿಸುವುದು ಸಾಮಾನ್ಯ ತಪ್ಪು. ತಂತಿ ಮೇಲುಗಡೆ ಎಲ್ಲೋ ಸಿಕ್ಕಿಕೊಂಡಿದ್ದು, ಎರಡು ನಿಮಿಷದ ಮೇಲೆ ಬಿಟ್ಟುಕೊಂಡು ಮತ್ತೆ ಇಳಿಯುತ್ತದೆ. ಮಧ್ಯಮಕ್ಕಿಂತ ಕೆಳಗೆ ಒಯ್ದು, ಬೆರಳಿನಿಂದ ಒಮ್ಮೆ ಎಳೆದು, ಕೆಳಗಿನಿಂದ ಮೇಲೇರಿಸಿ ನಿಲ್ಲಿಸಿದರೆ ಗಟ್ಟಿ.

ಮೀಟುವುದು ಸುಲಭ ಅನ್ನಿಸುತ್ತದೆ, ಕೆಡುವುದೂ ಅಲ್ಲೇ. ಮೊದಲ ತಂತಿಗೆ ನಡುಬೆರಳು, ಉಳಿದ ಮೂರಕ್ಕೆ ತೋರುಬೆರಳು, ಬೆರಳಿನ ಬದಿಯ ಮೆತ್ತನೆಯ ಭಾಗದಿಂದ, ಉಗುರು ತಾಗಬಾರದು. ತಬಲಾದ ಲಯಕ್ಕೆ ಕೈ ತಾನಾಗಿ ಸೇರಿಕೊಳ್ಳುತ್ತದೆ, ಅದನ್ನು ತಡೆಯಬೇಕು. ವೇಗದ ದ್ರುತ್‌ನಲ್ಲಿ ಗಾಯಕರು ತಾನುಗಳಿಗೆ (ಓಡುವ ಸ್ವರಗುಚ್ಛ) ಇಳಿದಾಗಲಂತೂ ಹೊಸಬರ ಬೆರಳು ಓಡತೊಡಗುತ್ತದೆ. ಎರಡು ತಂಬೂರಿಗಳೂ ಒಂದೇ ಹೊತ್ತಿಗೆ ಮೀಟಬಾರದು; ಒಂದರ ಬಿಡುವಿನಲ್ಲಿ ಇನ್ನೊಂದು ಕೇಳಬೇಕು.

ಸಹಗಾಯನದ ವಿಷಯ ಹೆಚ್ಚು ಸೂಕ್ಷ್ಮ. ನನ್ನ ನಿಯಮ ಒಂದೇ: ಗುರುಗಳು ಇನ್ನೂ ತೆರೆಯದ ಸ್ವರವನ್ನು ನಾನು ಮುಟ್ಟುವುದಿಲ್ಲ. ಬಡತ್ (ರಾಗವನ್ನು ಒಂದೊಂದೇ ಸ್ವರ ತೆರೆಯುತ್ತ ಬೆಳೆಸುವುದು) ಗಾಂಧಾರದವರೆಗೆ ಬಂದಿದ್ದರೆ ನನ್ನ ಗಡಿ ಗಾಂಧಾರ. ಅವರು ಉಸಿರು ತೆಗೆದುಕೊಳ್ಳುವಾಗ ಅವರು ಬಿಟ್ಟ ಸ್ವರವನ್ನೇ ತೆಳ್ಳಗೆ ಹಿಡಿದಿಡಬೇಕು, ಅವರು ಮತ್ತೆ ಬಾಯಿ ತೆರೆದ ಕೂಡಲೇ ಬಿಡಬೇಕು. "ನೀನೂ ಒಂದ ಹೇಳೋ" ಅಂತ ಕೈ ಮಾಡಿದರೆ ಒಂದೇ ಆವರ್ತನ (ತಾಳದ ಒಂದು ಸುತ್ತು), ಸಮ್ಮಿಗೆ (ಸುತ್ತಿನ ಮೊದಲ ಪೆಟ್ಟು) ಮುಖಡಾ, ಅಂದರೆ ಹಾಡಿನ ಮೊದಲ ತುಣುಕು, ಅವರಿಗೇ ಬಿಟ್ಟುಕೊಡುವುದು. ಚಪ್ಪಾಳೆ ಬಿತ್ತೆಂದು ಎರಡನೆಯ ಆವರ್ತನಕ್ಕೆ ಹೋದ ಶಿಷ್ಯನನ್ನು ಮುಂದಿನ ಕಾರ್ಯಕ್ರಮಕ್ಕೆ ಕರೆಯುವುದು ಕಡಿಮೆ.

ಹಾರ್ಮೋನಿಯಂ ಬಗ್ಗೆ ಒಂದು ಮಾತು. ಅದರ ಶುದ್ಧ ಗಾಂಧಾರ ತಂಬೂರಿಯ ಸ್ವಯಂಭೂ (ತಾನಾಗಿ ಹುಟ್ಟುವ) ಗಾಂಧಾರಕ್ಕಿಂತ ಸುಮಾರು 14 ಸೆಂಟ್, ಅಂದರೆ ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಸ್ವರಗಳ ಅಂತರದ ನೂರರಲ್ಲಿ 14 ಪಾಲು, ಮೇಲಿರುತ್ತದೆ. ಅನುಭವಿಗಳು ಆ ಪಟ್ಟಿಯನ್ನು ಒತ್ತಿ ಹಿಡಿಯದೆ ಮುಟ್ಟಿ ಸರಿಯುತ್ತಾರೆ. ಮೈಕಿನವರಿಗೆ ಹಾರ್ಮೋನಿಯಂ ಕಡಿಮೆ ಇಡಿ ಎಂದು ನಾನು ಹೇಳುವುದು ಇದಕ್ಕೇ ಹೊರತು ಬೇರೆ ಸಿಟ್ಟಿಲ್ಲ. ಗಾಯಕರ ಮಾನಿಟರಿಗೆ (ಅವರಿಗೆ ಕೇಳಲು ಇಟ್ಟ ಸ್ಪೀಕರ್) ತಂಬೂರಿ ಜಾಸ್ತಿ, ಎಕೋ ಪೂರ್ತಿ ಬಂದ್. ಸಭೆಯ ದೀಪಗಳನ್ನು ಎಲ್ಲ ಆರಿಸಬೇಡಿ ಎಂದೂ ಹೇಳುತ್ತೇನೆ, ಯಾಕೆಂದರೆ ಎದುರಿಗೆ ಕೂಡುವ ಮೊದಲ ಬಳಗಕ್ಕೂ ಕೆಲಸವಿದೆ.

ಆ ಬಳಗ ಅಂದರೆ ಗೆಳೆಯರು. ಹಾಡು ತಿಳಿದ ಇಬ್ಬರು ಮೂವರನ್ನು ಮೂರನೆಯ ಸಾಲಿನ ನಡುವೆ, ಗಾಯಕರ ಕಣ್ಣು ಸಹಜವಾಗಿ ಬೀಳುವಲ್ಲಿ ಕೂಡಿಸಿದರೆ ನಿಧಾನ ಲಯದ ವಿಲಂಬಿತ್‌ಗೆ ಬೇಗ ಬಿಸಿ ಏರುತ್ತದೆ. ಎಲ್ಲದಕ್ಕೂ ವಾಹ್ವಾ ಅನ್ನುವವರನ್ನು ಬದಿಗೆ ಕೂಡಿಸಿ. ಸಮ್ ಬರುವ ಮೊದಲೇ ದಾದು (ಮೆಚ್ಚುಗೆ) ಕೊಟ್ಟು ತಬಲಾದವರನ್ನು ಕೆಣಕುವುದು ಇವರೇ. ಕೊನೆಯ ಅರ್ಧ ತಾಸು ಗ್ರೀನ್ ರೂಮಿಗೆ ಯಾರನ್ನೂ ಬಿಡುವುದಿಲ್ಲ. ಬಾಗಿಲಲ್ಲಿ ನಿಂತು "ಇಲ್ರೀ" ಅನ್ನುವುದು ಕಷ್ಟ, ಅದರಲ್ಲೂ ಬಂದವರು ಗುರುಗಳಿಗಿಂತ ಹಿರಿಯರಾದರೆ. ಆಗ "ಕಾಕಾ, ಮುಗದ ಮ್ಯಾಲೆ ನಾನೇ ಬಂದ ಕರಕೊಂಡ ಹೋಗ್ತೀನ್ರಿ" ಎಂದು ಹೇಳಿ, ಹೇಳಿದಂತೆ ಮಾಡಬೇಕು. ಮಾಡದಿದ್ದರೆ ಮುಂದಿನ ಸಲ ಅವರು ಕೇಳದೆಯೇ ಒಳಗೆ ಬರುತ್ತಾರೆ, ತಪ್ಪೂ ನಮ್ಮದೇ.

ಮುಗಿದ ರಾತ್ರಿ ಹಾಡಿನ ಕೊರತೆ ಹೇಳಬಾರದು. ಕೇಳಿದರೂ "ನಾಳೆ ರೆಕಾರ್ಡಿಂಗ್ ಕೇಳೋಣ್ರಿ" ಅಂದುಬಿಡುತ್ತೇನೆ. ಮರುದಿನ ಕೇಳಿಸುವಾಗ ಜಾಗ ತೋರಿಸಿ ಸುಮ್ಮನಾದರೆ ಸಾಕು, ಅವರ ಕಿವಿ ನನ್ನದಕ್ಕಿಂತ ದೊಡ್ಡದು. ಸಾಥಿದಾರರ (ಜೊತೆಗೆ ಕೂಡುವವರ) ಸಂಭಾವನೆಯ ಲಕೋಟೆಗಳನ್ನು ಮಾತ್ರ ಅಂದೇ, ಒಬ್ಬೊಬ್ಬರಿಗೂ ಬೇರೆ ಬೇರೆ, ಸಂಘಟಕರ ಕೈಯಿಂದಲೇ ಕೊಡಿಸುತ್ತೇನೆ. ಗಾಯಕರ ಕೈಗೆ ಒಟ್ಟಿಗೆ ಕೊಟ್ಟು ಹಂಚಿಸಿದರೆ ಹತ್ತು ವರ್ಷದ ಸಾಥ್ ಒಂದು ರಾತ್ರಿಯಲ್ಲಿ ಮುರಿಯುವುದುಂಟು.

ತಂಬೂರಿ ಕಟ್ಟುವಾಗ ಎಲ್ಲ ತಂತಿಗಳನ್ನೂ ಎರಡು ಸ್ವರದಷ್ಟು ಇಳಿಸುತ್ತೇನೆ. ಪೂರ್ತಿ ಸಡಿಲಿಸಿದರೆ ಕುದುರೆ ಸರಿದೀತು, ದಾರಗಳೂ ಬಿದ್ದುಹೋದಾವು. ಬುರುಡೆ ಒಣಗಿದ ಸೋರೆಕಾಯಿಯದು, ಸಣ್ಣ ಪೆಟ್ಟಿಗೂ ಒಡೆಯುತ್ತದೆ. ಫೈಬರ್ ಪೆಟ್ಟಿಗೆಯಲ್ಲಿಟ್ಟರೂ ಅದರ ಸುತ್ತ ಹಳೆ ಸೀರೆ ಸುತ್ತಿ ತುಂಬಬೇಕು. ಕಾರಿನಲ್ಲಿ ಹಿಂದಿನ ಸೀಟಿಗೆ ಅಡ್ಡ ಮಲಗಿಸಿ, ಬುರುಡೆಯ ಕಡೆ ಒಬ್ಬರು ಕೂಡಬೇಕು. ಡಿಕ್ಕಿಯಲ್ಲಿ ಹಾಕುವುದಾದರೆ ಮನೆಯಲ್ಲೇ ಬಿಟ್ಟು ಬರುವುದು ಲೇಸು.