ಫೆನ್ವೇ ಪಾರ್ಕಿಗೆ ಹೊರಟ ಅಪ್ಪ-ಅಮ್ಮಂದಿರಿಗೆ ಒಬ್ಬ ಸ್ಕೋರರ್ ಹೇಳುವುದು

ಬಾಸ್ಟನ್ ಕಡೆ ಮಕ್ಕಳ ಮನೆಗೆ ಆರು ತಿಂಗಳಿಗೆಂದು ಬಂದವರಿಗೆ ಎರಡನೇ ತಿಂಗಳಿಗೇ ಬೇಸರ ಹಿಡಿಯುತ್ತದೆ. ಆಶ್‌ಲ್ಯಾಂಡಿನ ಲಕ್ಷ್ಮಿ ದೇವಸ್ಥಾನ ಆಯಿತು, ಕಾಸ್ಟ್‌ಕೋ ಆಯಿತು, ಎದುರುಮನೆ ನಾಯಿಯ ಹೆಸರೂ ಗೊತ್ತಾಯಿತು. ಆಗ ಒಂದು ದಿನ ಫೆನ್ವೇ ಪಾರ್ಕಿಗೆ, ಅಂದರೆ ಬಾಸ್ಟನ್ನಿನ ರೆಡ್ ಸಾಕ್ಸ್ ತಂಡದ ಬೇಸ್‌ಬಾಲ್ ಮೈದಾನಕ್ಕೆ, ಹೋಗಿ. ನಾನು ದಾವಣಗೆರೆಯಲ್ಲಿ ಬ್ಯಾಂಕ್ ಕೆಲಸದ ಜೊತೆಗೆ ಇಪ್ಪತ್ತೆರಡು ವರ್ಷ ಲೀಗ್ ಪಂದ್ಯಗಳಿಗೆ ಸ್ಕೋರರ್ ಆಗಿದ್ದವನು, ತಗಡಿನ ಅಂಕಿಗಳನ್ನು ಮೊಳೆಗೆ ನೇತುಹಾಕುತ್ತ ಬೆರಳು ಕುಯ್ದುಕೊಂಡವನು. ಹಾಗಾಗಿ ನನ್ನ ಸಲಹೆ ಸ್ವಲ್ಪ ಒಂದು ಕಡೆಗೇ ವಾಲುತ್ತದೆ: ಆಟ ಅರ್ಥವಾಗದಿದ್ದರೂ ಪರವಾಗಿಲ್ಲ, ಸ್ಕೋರ್‌ಬೋರ್ಡ್ ಕಾಣುವ ಜಾಗದಲ್ಲಿ ಕೂರಿ.

ಬೋರ್ಡು ಇರುವುದು ಎಡಗಡೆಯ ಹಸಿರು ಗೋಡೆಯ ಬುಡದಲ್ಲಿ. ಗೋಡೆಗೆ ಗ್ರೀನ್ ಮಾನ್‌ಸ್ಟರ್ ಅಂತ ಹೆಸರು, ಎತ್ತರ 37 ಅಡಿ 2 ಇಂಚು. ಆ ಕಡೆ ರಸ್ತೆ ಅಡ್ಡ ಬಂದು ಮೈದಾನಕ್ಕೆ ಜಾಗ ಸಾಲಲಿಲ್ಲ. ಬ್ಯಾಟ್ಸ್‌ಮನ್‌ನಿಂದ ಗೋಡೆಗೆ ಬರೀ 310 ಅಡಿ. ಬೇರೆಲ್ಲೋ ಕ್ಯಾಚ್ ಆಗಬೇಕಾದ ಎತ್ತರದ ಚೆಂಡು ಇಲ್ಲಿ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದ ಹಾಗೆ), ಬೇರೆಲ್ಲೋ ಹೋಮ್ ರನ್ ಆಗಬೇಕಾದ ನೇರ ಹೊಡೆತ ಇಲ್ಲಿ ಗೋಡೆಗೆ ಬಡಿದು ಧೊಪ್ಪನೆ ಬೀಳುತ್ತದೆ. 1947ರವರೆಗೆ ಮೈತುಂಬ ಜಾಹೀರಾತು ಇತ್ತಂತೆ, ಆಮೇಲೆ ಹಸಿರು ಬಳಿದರು.

ಆದ್ದರಿಂದ ಟಿಕೆಟ್ ತೆಗೆಯುವಾಗ ಮಗಳಿಗೋ ಅಳಿಯನಿಗೋ ಹೀಗೆ ಹೇಳಿ: ಮೊದಲ ಬೇಸಿನ (ಬ್ಯಾಟ್ಸ್‌ಮನ್ ಓಡಿ ಮುಟ್ಟಬೇಕಾದ ಮೊದಲ ಗುರುತಿನ) ಕಡೆ, ಗ್ರ್ಯಾಂಡ್‌ಸ್ಟ್ಯಾಂಡಿನಲ್ಲಿ, ಗೋಡೆ ಎದುರಿಗೆ ಬರುವಂತೆ. ತೀರಾ ಬಲಕ್ಕೆ ಹೋಗಬೇಡಿ, ಅಲ್ಲಿ ಕುರ್ಚಿಗಳ ಮುಖ ಬೇರೆಲ್ಲಿಗೋ ಇದ್ದು ಮೂರು ಗಂಟೆ ಕತ್ತು ತಿರುಗಿಸಿಕೊಂಡೇ ಕೂರಬೇಕು. ಚಾವಣಿ ಹೊತ್ತ ಕಂಬಗಳ ವಿಷಯ ಮುಖ್ಯ. ಇದು 1912ರ ಮೈದಾನ, ಕಂಬಗಳನ್ನು ತೆಗೆಯುವ ಹಾಗಿಲ್ಲ. ಕಂಬದ ಹಿಂದಿನ ಕುರ್ಚಿಯ ಟಿಕೆಟಿನಲ್ಲಿ ನೋಟಕ್ಕೆ ಅಡ್ಡಿ ಇದೆ ಎಂದು ಬರೆದಿರುತ್ತದೆ. ಮೊದಲ ಸಲ ಅಗ್ಗಕ್ಕೆ ಸಿಕ್ಕಿತೆಂದು ನಾನೇ ಹಟ ಹಿಡಿದು ಅಂಥದ್ದನ್ನು ತೆಗೆಸಿದೆ. ಪಿಚರ್ ಎಸೆಯುವುದು ಕಾಣುತ್ತಿತ್ತು, ಚೆಂಡು ಏನಾಯಿತೆಂದು ಪಕ್ಕದಲ್ಲಿದ್ದ ನಮ್ಮ ಮನೆಯವರನ್ನು ಕೇಳಬೇಕಾಗುತ್ತಿತ್ತು. "ರೀ, ನನಗೇನು ಗೊತ್ತು, ಎಲ್ಲರೂ ಎದ್ದು ನಿಂತರು" ಅನ್ನುವುದೇ ಅವರ ಕಾಮೆಂಟರಿ. ನೀಲಿ ಮರದ ಕುರ್ಚಿಗಳು 1934ರ ನವೀಕರಣದ ಕಾಲದವು. ಮಂಡಿ ನೋವಿದ್ದವರು ಸಾಲಿನ ತುದಿಯ ಕುರ್ಚಿ ಕೇಳಿ. ಬದ್ಧ ಎದುರಾಳಿ ನ್ಯೂಯಾರ್ಕ್ ಯಾಂಕೀಸ್ ತಂಡ ಬಂದ ದಿನ ಬೆಲೆ ಗಗನಕ್ಕೇರುತ್ತದೆ, ನಮಗೆ ಯಾರಾದರೇನು, ವಾರದ ನಡುವಿನ ಪಂದ್ಯ ಸಾಕು. ಮೇ ತಿಂಗಳಲ್ಲೂ ರಾತ್ರಿ ಚಳಿ, ಸ್ವೆಟರ್ ಬೇಕೇ ಬೇಕು.

ಹೋಗುವುದು ಸುಲಭ. ಫ್ರೇಮಿಂಗ್‌ಹ್ಯಾಮ್ ಕಡೆಯವರಾದರೆ ವೂಸ್ಟರ್ ಲೈನಿನ ರೈಲಿನಲ್ಲಿ ಲ್ಯಾನ್ಸ್‌ಡೌನ್‌ಗೆ ಇಳಿದರೆ ಮೈದಾನ ಪಕ್ಕದಲ್ಲೇ. ಊರೊಳಗಿನವರು ಗ್ರೀನ್ ಲೈನ್ ಮೆಟ್ರೋದಲ್ಲಿ ಬಿ, ಸಿ ಅಥವಾ ಡಿ ಗಾಡಿ ಹತ್ತಿ ಕೆನ್ಮೋರ್‌ನಲ್ಲಿ ಇಳಿಯಿರಿ. ಇ ಹತ್ತಬೇಡಿ, ಅದು ಬೇರೆ ದಾರಿ ಹಿಡಿಯುತ್ತದೆ. ಬೆನ್ನಿನ ಚೀಲ ಮನೆಯಲ್ಲೇ ಇರಲಿ, ಒಳಗೆ ಬಿಡುವುದಿಲ್ಲ. ಹೊಟ್ಟೆಗೆ ಚಿತ್ರಾನ್ನ ಹಾಕಿಕೊಂಡೇ ಹೊರಡಿ. ಅಲ್ಲಿನ ಹೆಸರುವಾಸಿ ಹಾಟ್ ಡಾಗ್, ಫೆನ್ವೇ ಫ್ರ್ಯಾಂಕ್, ಮಾಂಸದ್ದು. ಸಸ್ಯಾಹಾರಿಗಳಿಗೆ ಸಿಪ್ಪೆಸಹಿತ ಹುರಿದ ಶೇಂಗಾ ಇದೆ. ಸಿಪ್ಪೆ ಕಾಲಡಿಗೇ ಹಾಕುತ್ತಾರೆ, ಯಾರೂ ಬಯ್ಯುವುದಿಲ್ಲ. ಮಂಡಕ್ಕಿ-ಮೆಣಸಿನಕಾಯಿ ಇಲ್ಲ ಅನ್ನುವುದೊಂದೇ ಕೊರತೆ.

ಈಗ ಬೋರ್ಡು ಓದುವುದು. ಒಂಬತ್ತು ಇನಿಂಗ್ಸ್, ಪ್ರತಿಯೊಂದರಲ್ಲೂ ಮೊದಲು ಹೊರಗಿನಿಂದ ಬಂದ ತಂಡದ ಬ್ಯಾಟಿಂಗ್, ಆಮೇಲೆ ಊರಿನ ತಂಡದ್ದು. ಮೂರು ಔಟಿಗೆ ಸರದಿ ಮುಗಿಯಿತು. ಹಸಿರು ದೀಪ ಬಾಲ್‌ಗೆ (ಗುರಿ ತಪ್ಪಿ ಹೋದ, ಬ್ಯಾಟ್ಸ್‌ಮನ್ ಬೀಸದೆ ಬಿಟ್ಟ ಎಸೆತ), ಕೆಂಪು ದೀಪ ಸ್ಟ್ರೈಕ್ (ಬೀಸಿ ತಪ್ಪಿದ್ದು ಅಥವಾ ಗುರಿಯೊಳಗಿನದನ್ನು ಬಿಟ್ಟದ್ದು, ಮೂರಾದರೆ ಸ್ಟ್ರೈಕ್‌ಔಟ್) ಮತ್ತು ಔಟ್‌ಗೆ. ಅಂಕಿಗಳನ್ನು ಗೋಡೆಯೊಳಗೆ ಕೂತ ಜನ ಇಂದಿಗೂ ಕೈಯಲ್ಲೇ ಹಾಕುತ್ತಾರೆ. ಬೇರೆ ಊರಿನ ಪಂದ್ಯಗಳ ಅಂಕಿ ಬದಲಿಸಲು ಇನಿಂಗ್ಸ್ ನಡುವೆ ಹೊರಗೆ ಓಡಿ ಬರುತ್ತಾರೆ. ಬಿಳಿ ಗೆರೆಗಳ ಮೇಲೆ ಚುಕ್ಕೆ-ಗೀಟುಗಳಿವೆ, ದುರ್ಬೀನು ಒಯ್ಯಿರಿ. ಹಳೆಯ ಮಾಲೀಕ ಟಾಮ್ ಯಾಕಿ ಮತ್ತು ಹೆಂಡತಿ ಜೀನ್ ಅವರ ಇನಿಷಿಯಲ್‌ಗಳು ಮೋರ್ಸ್ ಸಂಕೇತದಲ್ಲಿ. ನಮ್ಮಪ್ಪ ತಂತಿ ಕಚೇರಿಯಲ್ಲಿದ್ದವರು, ಅವರು ಕಲಿಸಿದ್ದು ಅಮೆರಿಕದ ಗೋಡೆಯೊಂದನ್ನು ಓದಲು ಬಂತು.

ಕೊನೆಯ ಮೂರು ಕಾಲಂ ಆರ್, ಎಚ್, ಇ. ಆರ್ ಅಂದರೆ ರನ್, ಎಚ್ ಅಂದರೆ ಹಿಟ್ (ಚೆಂಡು ಹೊಡೆದು ಬೇಸ್ ತಲುಪಿದ್ದು), ಇ ಅಂದರೆ ಎರರ್ (ಫೀಲ್ಡರ್ ಮಾಡಿದ ತಪ್ಪು). ಈ ಇ ನೋಡಿ ನಾನು ದಂಗಾದೆ. ನಮ್ಮಲ್ಲಿ ಸುಲಭದ ಕ್ಯಾಚ್ ಬಿಟ್ಟವನ ಹೆಸರು ಸ್ಕೋರ್ ಪುಸ್ತಕದಲ್ಲಿ ಎಲ್ಲಿರುತ್ತದೆ? ಇಲ್ಲಿ ತಪ್ಪನ್ನು ಎಣಿಸಿ ಊರಿಗೆಲ್ಲ ಕಾಣುವಂತೆ ತಗುಲಿಸುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಅದು ಹಿಟ್ಟೋ ಎರರ್ರೋ ಎಂದು ತೀರ್ಮಾನಿಸುವವನು ಅಂಪೈರ್ ಅಲ್ಲ, ಸ್ಕೋರರ್! ಇಪ್ಪತ್ತೆರಡು ವರ್ಷ ಅಂಪೈರ್ ಕೈ ಎತ್ತಿದ್ದನ್ನಷ್ಟೇ ಬರೆದವನಿಗೆ ಹೊಟ್ಟೆಕಿಚ್ಚಾಗದೆ ಇರುತ್ತದೆಯೇ.

ನೀವೂ ಸ್ಕೋರ್‌ಕಾರ್ಡ್ ಕೊಂಡು ಬರೆಯಿರಿ. ಫೀಲ್ಡರುಗಳಿಗೆ ನಂಬರು: ಚೆಂಡು ಎಸೆಯುವ ಪಿಚರ್ 1, ನಮ್ಮ ಕೀಪರ್ ಹಾಗಿರುವ ಕ್ಯಾಚರ್ 2, ಮೂರು ಬೇಸುಗಳನ್ನು ಕಾಯುವವರು 3, 4, 5, ಎರಡನೇ ಮತ್ತು ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ದೂರದವರು ಎಡದಿಂದ 7, 8, 9. 6-4-3 ಎಂದು ಬರೆದರೆ ಚೆಂಡು ಯಾರ ಕೈಯಿಂದ ಯಾರ ಕೈಗೆ ಹೋಗಿ ಇಬ್ಬರು ಔಟಾದರೆಂದು ನಲವತ್ತು ವರ್ಷದ ಮೇಲೂ ತಿಳಿಯುತ್ತದೆ. ಬ್ಯಾಟ್ ಬೀಸಿ ಸ್ಟ್ರೈಕ್‌ಔಟ್ ಆದರೆ ಕೆ ಅಕ್ಷರ, ಬೀಸದೆ ನಿಂತು ಔಟಾದರೆ ಅದೇ ಅಕ್ಷರವನ್ನು ತಿರುಗಿಸಿ.

ಆಟದ ದಿನ ಆಗದಿದ್ದರೆ ಗೈಡ್ ಜೊತೆ ಸುತ್ತು ಹಾಕಿಸುವ ಟೂರ್ ಇದೆ. ಇಲ್ಲಿ ಮೊದಲ ಅಧಿಕೃತ ಪಂದ್ಯ ನಡೆದದ್ದು 1912ರ ಏಪ್ರಿಲ್ 20ರಂದು, ಟೈಟಾನಿಕ್ ಮುಳುಗಿ ಐದೇ ದಿನಕ್ಕೆ. ಬಲಗಡೆಯ ಹಸಿರು ಕುರ್ಚಿಗಳ ನಡುವೆ ಒಂದೇ ಒಂದು ಕೆಂಪು ಕುರ್ಚಿ ಹುಡುಕಿ: 42ನೇ ಸೆಕ್ಷನ್, 37ನೇ ಸಾಲು, 21. 1946ರಲ್ಲಿ ರೆಡ್ ಸಾಕ್ಸ್‌ನ ಟೆಡ್ ವಿಲಿಯಮ್ಸ್ ಹೊಡೆದ ಚೆಂಡು 502 ಅಡಿ ಹಾರಿ ಅಲ್ಲಿ ಕೂತವನ ಹುಲ್ಲಿನ ಟೋಪಿಗೆ ಬಡಿಯಿತು. 1919ರಲ್ಲಿ ಐರ್ಲೆಂಡಿನ ನಾಯಕ ಡಿ ವಲೇರಾ, 1944ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಇಲ್ಲಿ ಭಾಷಣ ಮಾಡಿದರು. 1963ರಿಂದ 68ರವರೆಗೆ ಪೇಟ್ರಿಯಟ್ಸ್ ತಂಡದವರು ಅಮೆರಿಕನ್ ಫುಟ್‌ಬಾಲ್ ಆಡಿದರು, 2010ರ ಹೊಸ ವರ್ಷದ ದಿನ ಹುಲ್ಲಿನ ಮೇಲೆ ಮಂಜುಗಡ್ಡೆ ಹಾಸಿ ಐಸ್ ಹಾಕಿ ಪಂದ್ಯ ಆಡಿಸಿದರು. 2021ರ ಆರಂಭದಲ್ಲಿ ಇದೇ ಕೋವಿಡ್ ಲಸಿಕೆ ಕೇಂದ್ರ. ಆಸ್ಪತ್ರೆ ಲ್ಯಾಬಿನಲ್ಲಿರುವ ನಮ್ಮ ಅಳಿಯ ಸೂಜಿ ಚುಚ್ಚಿಸಿಕೊಂಡದ್ದು ಇಲ್ಲೇ.

ಇನ್ನೊಂದು ಮಾತು ಗೈಡ್ ಹೇಳದಿದ್ದರೆ ನೀವೇ ಕೇಳಿ. ಕಪ್ಪು ಆಟಗಾರರನ್ನು ದೊಡ್ಡ ಲೀಗಿಗೆ ಸೇರಿಸದ ಕಾಲದಲ್ಲಿ, 1945ರ ಏಪ್ರಿಲ್‌ನಲ್ಲಿ, ಕಪ್ಪು ಆಟಗಾರ ಜಾಕಿ ರಾಬಿನ್ಸನ್ ಇದೇ ಗೋಡೆಯ ಮುಂದೆ ಆಡಿ ತೋರಿಸಿದ್ದರು. ರೆಡ್ ಸಾಕ್ಸ್ ಅವರನ್ನು ತೆಗೆದುಕೊಳ್ಳಲಿಲ್ಲ. 1947ರಲ್ಲಿ ಅವರು ಬ್ರೂಕ್ಲಿನ್ ತಂಡಕ್ಕೆ ಆಡಿದರು. ರೆಡ್ ಸಾಕ್ಸ್‌ನಲ್ಲಿ ಮೊದಲ ಕಪ್ಪು ಆಟಗಾರ ಪಂಪ್ಸಿ ಗ್ರೀನ್ ಕಣಕ್ಕಿಳಿದದ್ದು 1959ರಲ್ಲಿ, ದೊಡ್ಡ ಲೀಗಿನ ಎಲ್ಲ ತಂಡಗಳಿಗಿಂತ ಕೊನೆಗೆ. ಆ ಇ ಯಾವ ಬೋರ್ಡಿನ ಮೇಲೂ ಏರಲಿಲ್ಲ.

ಎಂಟನೇ ಇನಿಂಗ್ಸ್ ನಡುವೆ ಇಡೀ ಜನ ಎದ್ದು ಒಂದು ಹಳೇ ಹಾಡು ಹೇಳುತ್ತಾರೆ, ಅದಕ್ಕೆ ಮುಂಚೆ ಎದ್ದು ಬರಬೇಡಿ. ಕೊನೆಯ ರೈಲಿನ ಹೊತ್ತು ಮೊದಲೇ ನೋಡಿಟ್ಟುಕೊಳ್ಳಿ. ಶೌಚಾಲಯಕ್ಕೆ ಇನಿಂಗ್ಸ್ ಮುಗಿದಾಗ ಹೋದರೆ ಸಾಲು ಕರಗುವುದಿಲ್ಲ, ಆಟ ನಡೆಯುವಾಗಲೇ ಹೋಗಿ. ನನ್ನ ಮೊದಲ ಕಾರ್ಡಿನಲ್ಲಿ ಐದನೇ ಇನಿಂಗ್ಸಿನ ಕಾಲಂ ಪೂರ್ತಿ ಖಾಲಿ.