ಉಣುಗು ಕಚ್ಚಿದರೆ ಸೀಸೆ, ಚೀಟಿ ಸಿದ್ಧವಿರಲಿ

ಖಾನಾಪುರದ ಕಾಡಂಚಿನಿಂದ ಬೆಳಗಾವಿಗೆ ಓದಲು ಬರುವ ನನ್ನ ವಿದ್ಯಾರ್ಥಿಗಳಿಗೆ ಮೊದಲು ಹೇಳುವುದು ಇದನ್ನೇ: ಕಚ್ಚಿಕೊಂಡ ಉಣುಗಿಗೆ ಸೀಮೆಎಣ್ಣೆ, ಬೆಂಕಿಕಡ್ಡಿ ಖಂಡಿತ ಬೇಡ. ಚೂಪು ತುದಿಯ ಚಿಮಟದಿಂದ ಚರ್ಮಕ್ಕೆ ತಾಗಿದಲ್ಲೇ ಹಿಡಿದು, ತಿರುಚದೆ ನೇರ ಮೇಲಕ್ಕೆ ಎಳೆಯಿರಿ. ಅದರ ಹೊಟ್ಟೆಯನ್ನು ಹಿಸುಕಬೇಡಿ. ಗಾಯವನ್ನು ಸೋಪಿನಿಂದ ತೊಳೆಯಿರಿ. ಉಣುಗನ್ನು ಸ್ಪಿರಿಟ್ ಇರುವ ಸೀಸೆಗೆ ಹಾಕಿ, ದಿನಾಂಕ ಮತ್ತು ಕಚ್ಚಿದ ಊರನ್ನು ಬರೆದು ಅಂಟಿಸಿ.

ಊರು ಏಕೆಂದರೆ, ಉಣುಗು ಕಚ್ಚುವುದರಿಂದ ಹರಡುವ ಲೈಮ್ ರೋಗದ ಬ್ಯಾಕ್ಟೀರಿಯಾ ಎಲ್ಲೆಡೆ ಒಂದೇ ಬಗೆಯದಲ್ಲ. ಅಮೆರಿಕದಲ್ಲಿ ಮುಖ್ಯವಾದ ಬೊರೇಲಿಯಾ ಬರ್ಗ್‌ಡಾರ್ಫೆರಿ ಕೀಲುಗಳನ್ನು ಹೆಚ್ಚು ಕಾಡುತ್ತದೆ. ಯುರೋಪ್, ಏಷ್ಯಾದಲ್ಲಿರುವ ಅದೇ ಕುಲದ ಇತರ ಪ್ರಭೇದಗಳಲ್ಲಿ ಬೊರೇಲಿಯಾ ಗ್ಯಾರಿನಿ ನರಗಳನ್ನು, ಬೊರೇಲಿಯಾ ಅಫ್ಜೆಲಿ ಚರ್ಮವನ್ನು. ಒಂದೇ ಪ್ರಭೇದದೊಳಗೂ ಹೊರಪೊರೆಯ ಓಎಸ್‌ಪಿ-ಸಿ ಪ್ರೋಟೀನಿನ ಜೀನ್ ಬೇರೆಬೇರೆ. ಅದರ ಎ, ಬಿ, ಐ, ಕೆ ಮಾದರಿಗಳು ಚರ್ಮ ದಾಟಿ ರಕ್ತ, ಮೆದುಳುಬಳ್ಳಿಯ ದ್ರವದವರೆಗೆ ಹೋಗುವುದು ಹೆಚ್ಚು ಎಂದು 1999ರ ಅಧ್ಯಯನ ತೋರಿಸಿತು. ಒಂದು ಜೀನಿನ ವ್ಯತ್ಯಾಸ ರೋಗದ ಹಾದಿಯ ಸುಳಿವು ಕೊಡುವುದು ನನಗೆ ಇಂದಿಗೂ ಸೋಜಿಗ.

ಕಚ್ಚಿದ 3ರಿಂದ 30 ದಿನಗಳಲ್ಲಿ ಹಿಗ್ಗುತ್ತಾ ಹೋಗುವ ಕೆಂಪು ಮಚ್ಚೆ ಕಂಡರೆ ಫೋಟೊ ತೆಗೆದು ವೈದ್ಯರಿಗೆ ತೋರಿಸಿ. ಆರಂಭದ ವಾರಗಳಲ್ಲಿ ರಕ್ತಪರೀಕ್ಷೆ ನೆಗೆಟಿವ್ ಬರಬಹುದು. ವಿದೇಶ ಪ್ರವಾಸ ಮಾಡಿದ್ದರೆ ದೇಶದ ಹೆಸರು ಹೇಳಿ. ಸಹ್ಯಾದ್ರಿಯ ಕಾಡಿಗೆ ಹೋಗಿದ್ದರೆ ಅದನ್ನೂ ಹೇಳಿ. ಮಂಗನ ಕಾಯಿಲೆಯೂ ಉಣುಗಿನಿಂದಲೇ ಬರುತ್ತದೆ.